ಧ್ವನಿಪೆಟ್ಟಿಗೆಯ ಜೀರ್ಣೋದ್ಧಾರ

ಶಬ್ದದ ಹುಟ್ಟನ್ನು ವಿವರಿಸುವಾಗ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಕಹಳೆಯನ್ನು ದೃಷ್ಟಾಂತವಾಗಿ ತಂದಿದ್ದಾನೆ. ಜೀವನ ಇಚ್ಛೆಯಿಂದಲೂ ಅನುಕೂಲವಾದ ವಾಯುವಿನಿಂದಲೂ ನಾಭಿಮೂಲದಲ್ಲಿ ಶಬ್ದವು ಕಹಳೆಯ ರೀತಿಯಲ್ಲಿ ಜನಿಸುತ್ತದೆಂಬುದು ಆತನ ಮತ. ಹದಿಮೂರನೆಯ ಶತಮಾನದ ಈ ಮಾತನ್ನು ಅನೇಕ ವರ್ಷ ಪಾಠ ಹೇಳಿದ ನನಗೆ ಅದರ ಸ್ವಾರಸ್ಯವು ಹೊಸದಾಗಿ ಮನದಟ್ಟಾದುದು ವ್ಯಾಖ್ಯಾನಗಳಿಂದಲ್ಲ, ಮಳವಳ್ಳಿ ತಾಲ್ಲೂಕಿನ ನಮ್ಮ ಹಿರಿಯರ ಮನೆಯ ಅಟ್ಟದಿಂದ ಇಳಿದ ಒಂದು ಗ್ರಾಮಫೋನಿನಿಂದ.

ಅಮೆರಿಕದ ಎಡಿಸನ್ ೧೮೭೭ರಲ್ಲಿ ಧ್ವನಿಯನ್ನು ಉರುಳೆಯ ಮೇಲೆ ಮುದ್ರಿಸಿ ಮರಳಿ ನುಡಿಸುವ ಫೋನೋಗ್ರಾಫನ್ನು ನಿರ್ಮಿಸಿದನು. ಹತ್ತು ವರ್ಷಗಳ ತರುವಾಯ, ೧೮೮೭ರಲ್ಲಿ, ಬರ್ಲಿನರ್ ಎಂಬಾತನು ಚಪ್ಪಟೆ ತಟ್ಟೆಯನ್ನು ನುಡಿಸುವ ಗ್ರಾಮಫೋನಿಗೆ ದಾರಿ ತೆರೆದನು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವು ತಟ್ಟೆಗೆ ಇಳಿಯಿತು. ಆಕೆ ೧೯೨೮ರಲ್ಲಿ ಮೈಸೂರಿನ ಆಸ್ಥಾನ ಗಾಯಕಿಯಾಗಿ ಬಂದು, ೧೯೩೦ರಲ್ಲಿ ಮೈಸೂರಿನಲ್ಲಿಯೇ ಕಾಲವಾದರು. ಅದೇ ೧೯೦೨ರಲ್ಲಿ ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ವಿದ್ಯುದಾಗಾರವು ಮಗ್ಗುಲಲ್ಲಿದ್ದರೂ ನಮ್ಮ ಹಳ್ಳಿಯು ಬಹುಕಾಲ ಸೀಮೆಎಣ್ಣೆಯ ದೀಪವನ್ನೇ ನೆಚ್ಚಿಕೊಂಡಿತ್ತು. ಕೀಲಿ ಕೊಟ್ಟರೆ ತಿರುಗುವ ಗ್ರಾಮಫೋನಿಗಾದರೋ ವಿದ್ಯುತ್ತಿನ ಹಂಗಿರಲಿಲ್ಲ. ಆದುದರಿಂದಲೇ ನನ್ನ ತಾತನವರು ಅದನ್ನು ಕೊಂಡು ತಂದು, ಸುಗ್ಗಿ ಮುಗಿದ ಸಂಜೆಗಳಲ್ಲಿ ಜಗಲಿಯ ಮೇಲಿಟ್ಟು ನಾಟಕದ ಪದಗಳನ್ನು ಊರಿಗೆಲ್ಲ ಕೇಳಿಸುತ್ತಿದ್ದರಂತೆ.

ಮನೆ ಪಾಲಾದಾಗ ಈ ಯಂತ್ರವನ್ನು ಮಾರಿಬಿಡಬೇಕೆಂಬ ಮಾತು ಬಂದಿತು. ನೋಡಲು ಬಂದ ವ್ಯಾಪಾರಿಯೊಬ್ಬನು, "ಹಳೆಯ ಸೌಂಡ್ ಬಾಕ್ಸು ಕೆಟ್ಟಿದೆ, ಕಿತ್ತೆಸೆದು ಹೊಸದು ಹಾಕಿದರೆ ಅಲಂಕಾರಕ್ಕೆ ಚೆನ್ನಾಗಿರುತ್ತದೆ" ಎಂದನು. ಆದರೆ ಮಂಡ್ಯದಲ್ಲಿ ಮಗನ ಮನೆಯಲ್ಲಿರುವ, ಎಂಬತ್ತು ದಾಟಿದ ನನ್ನ ಸೋದರತ್ತೆಯವರು, ಮಾರುವ ಮುನ್ನ ಒಮ್ಮೆ ಅದನ್ನು ಕೇಳಬೇಕೆಂದು ಹೇಳಿ ಕಳುಹಿಸಿದರು. ತಾತನವರ ಕಾಲದಲ್ಲಿ ಅದನ್ನು ಕೇಳಿದವರಲ್ಲಿ ಉಳಿದಿರುವವರು ಅವರೊಬ್ಬರೇ. ಆಗ ನನಗೆ ಕಾಲವಿಳಂಬವು ಸಲ್ಲದೆನಿಸಿತು.

ಕನ್ನಡದಲ್ಲಿ 'ಧ್ವನಿಪೆಟ್ಟಿಗೆ'ಯೆಂದರೆ ಮನುಷ್ಯನ ಗಂಟಲಿನ ಸ್ವರಸ್ಥಾನ. ಗ್ರಾಮಫೋನಿನ ಸೌಂಡ್ ಬಾಕ್ಸಿಗೂ ಈ ಹೆಸರು ಅನ್ವರ್ಥವಾಗಿದೆ. ನಿಮಿಷಕ್ಕೆ ಸುಮಾರು ೭೮ ಸುತ್ತು ತಿರುಗುವ ತಟ್ಟೆಯ ಗೆರೆಯಲ್ಲಿ ಉಕ್ಕಿನ ಮುಳ್ಳು ಎಡಬಲಕ್ಕೆ ಅಲುಗುತ್ತದೆ. ಮುಳ್ಳನ್ನು ಹಿಡಿದಿರುವ ಸಣ್ಣ ದಂಡವು ತಕ್ಕಡಿಯ ದಂಡಿಗೆಯಂತೆ ತೂಗುತ್ತ, ತನ್ನ ಮೇಲುತುದಿಯಿಂದ ಒಂದು ತೆಳುವಾದ ಅಭ್ರಕದ ಬಿಲ್ಲೆಯನ್ನು ನಡುಗಿಸುತ್ತದೆ. ಆ ಕಂಪನವು ಕೊಳವೆಯ ಗಾಳಿಗೆ ಹತ್ತಿ, ಕಹಳೆಯಲ್ಲಿ ಹಿಗ್ಗಿ, ಹಾಡಾಗುತ್ತದೆ. ಬಿಲ್ಲೆಯ ಅಂಚನ್ನು ಎರಡು ಮೆತ್ತನೆಯ ರಬ್ಬರು ಬಳೆಗಳು ಇಕ್ಕೆಲಗಳಿಂದ ಹಿಡಿದಿರುತ್ತವೆ.

ಮದ್ದೂರಿನಲ್ಲಿ ಗಡಿಯಾರಗಳನ್ನು ದುರಸ್ತು ಮಾಡುವ ವೃದ್ಧರೊಬ್ಬರ ಬಳಿಗೆ ಅದನ್ನು ಒಯ್ದೆನು. ಅವರು ಹಿಂಬದಿಯ ತಿರುಪುಗಳನ್ನು ಬಿಚ್ಚಿ, ಕನ್ನಡಕವನ್ನು ಮೇಲಕ್ಕೇರಿಸಿ, "ಕಾಗೆಬಂಗಾರಕ್ಕೇನೂ ಆಗಿಲ್ಲ ಮೇಷ್ಟ್ರೇ, ರಬ್ಬರು ಕಲ್ಲಾಗ್ಬುಟ್ಟದೆ" ಎಂದರು. ಅಭ್ರಕಕ್ಕೆ ನಮ್ಮ ಜನ ಇಟ್ಟಿರುವ ಕಾಗೆಬಂಗಾರವೆಂಬ ಹೆಸರನ್ನು ಬಹುದಿನಗಳ ಮೇಲೆ ಕೇಳಿ ಹರ್ಷವಾಯಿತು. ಗಟ್ಟಿಯಾದ ರಬ್ಬರು ಬಿಲ್ಲೆಯನ್ನು ಬಿಗಿಹಿಡಿದು ಸ್ವರವನ್ನು ಒಡೆಯುತ್ತದೆ. ಸಂದಿಯಿಂದ ಗಾಳಿಯೂ ಸೋರುತ್ತದೆ. ಅವರು ಹಳೆಯ ರಬ್ಬರನ್ನು ಚೂರುಚೂರಾಗಿ ಕೆರೆದು ತೆಗೆದು, ಸಣ್ಣ ರಬ್ಬರು ನಳಿಕೆಯನ್ನು ಅಳತೆಗೆ ಕತ್ತರಿಸಿ, ಅದರ ಎರಡು ತುದಿಗಳೂ ಸರಿಯಾಗಿ ಕೂಡುವಂತೆ ಬಳೆಯಾಗಿ ಕೂರಿಸಿದರು. ಬಿಲ್ಲೆಯ ನಡುವಣ ಪುಟ್ಟ ತಿರುಪನ್ನು ಬಿಗಿದು, ಅದರ ಮೇಲೆ ಒಂದು ಹನಿ ಜೇನುಮೇಣವನ್ನು ಕರಗಿಸಿ ಬಿಟ್ಟರು. ಕಟ್ಟಕಡೆಗೆ ದಂಡದ ಇಕ್ಕೆಲದ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸುವುದರಲ್ಲಿಯೇ ಒಂದು ಗಂಟೆ ಕಳೆಯಿತು. ಸುಮ್ಮನಿದ್ದಾಗ ದಂಡವು ಬಿಲ್ಲೆಯನ್ನು ಒತ್ತಲೂಬಾರದು, ಸೆಳೆಯಲೂಬಾರದು. ಬಿಗಿದರೆ ಹಾಡು ಕೀರಲಾಗುತ್ತದೆ. ಸಡಿಲಿಸಿದರೆ ಗಡಗಡ ಸದ್ದಾಗುತ್ತದೆ. ಮಕ್ಕಳನ್ನು ತಿದ್ದುವ ವೃತ್ತಿಯವನಾದ ನನಗೆ ಆ ಒಂದು ಗಂಟೆಯಲ್ಲಿ ಕಲಿಯತಕ್ಕದ್ದು ಬಹಳವಿತ್ತು.

ಮರುದಿನ ಮಂಡ್ಯದಲ್ಲಿ ಅತ್ತೆಯವರ ಮುಂದೆ ಹೊಸ ಮುಳ್ಳು ಹಾಕಿ ತಟ್ಟೆಯನ್ನು ತಿರುಗಿಸಿದೆವು. ಮೊದಲು ಎಣ್ಣೆಗೆ ಬಿದ್ದ ಸಾಸಿವೆಯಂತಹ ಸದ್ದು, ಅದರೊಳಗಿಂದ ಹಾರ್ಮೋನಿಯಂ, ಆಮೇಲೆ ಹಾಡು. ಅತ್ತೆಯವರು ಕಣ್ಣು ಮುಚ್ಚಿ, ಸಾಹಿತ್ಯದ ಪ್ರತಿಯೊಂದು ಸಾಲನ್ನೂ ಗಾಯಕನಿಗಿಂತ ಒಂದು ಕ್ಷಣ ಮೊದಲೇ ತುಟಿಯಲ್ಲಿ ನುಡಿಯುತ್ತಿದ್ದರು. ಸುಮಾರು ಮೂರು ನಿಮಿಷಗಳಲ್ಲಿ ಒಂದು ಮಗ್ಗುಲು ಮುಗಿಯಿತು. ಮತ್ತೊಮ್ಮೆ ಹಾಕಲೇ ಎಂದುದಕ್ಕೆ, "ಬ್ಯಾಡ ಮಗ, ಸವೆದೋಯ್ತದೆ. ನಾಳೀಕೂ ಇರ್ಲಿ" ಎಂದರು. ನುಡಿಸಿದಷ್ಟೂ ಉಕ್ಕಿನ ಮುಳ್ಳು ಗೆರೆಯನ್ನು ಸವೆಸುತ್ತದೆಂಬ ಸತ್ಯವನ್ನು ಅವರ ತಂದೆ ಎಂದೋ ಹೇಳಿದ್ದಿರಬೇಕು. ಯಂತ್ರವನ್ನು ಮಾರುವ ಮಾತು ಅಂದಿಗೆ ಮುಗಿಯಿತು.

ತಾಳೆಗರಿಯ ಗ್ರಂಥವನ್ನು ಸಂಪಾದಿಸುವಾಗ ಲುಪ್ತವಾದ ಅಕ್ಷರವನ್ನಷ್ಟೇ ತುಂಬಬೇಕು. ಉಳಿದ ಪಾಠವನ್ನು ನಮ್ಮ ರುಚಿಗೆ ತಿದ್ದಬಾರದೆಂದು ನನ್ನ ಗುರುಗಳು ಹೇಳುತ್ತಿದ್ದರು. ಆ ಗಡಿಯಾರದ ಕುಶಲಿಗಳು ಅದನ್ನೇ ಮಾಡಿದರು: ನಶಿಸಿದ ಮೆದುಭಾಗವನ್ನು ಬದಲಿಸಿದರು, ಮೂಲವನ್ನು ಉಳಿಸಿದರು. ಗಾಜಿನ ಬೀರುವಿನಲ್ಲಿ ಮೂಕವಾಗಿ ಹೊಳೆಯುವುದು ಉಳಿವಲ್ಲ. ಹಗಲಿರುಳು ನುಡಿಸಿ ಸವೆಸುವುದೂ ಉಳಿವಲ್ಲ. ಹದವರಿತು, ಹಬ್ಬಕ್ಕೊಮ್ಮೆ ನುಡಿಸುವುದೇ ಲೇಸು.

ನಮ್ಮ ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮನೆಗಳಲ್ಲಿ ಇಂತಹ ಯಂತ್ರಗಳು ಇನ್ನೂ ಇದ್ದಾವು. ಅವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಹಳೆಯ ಧ್ವನಿಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿರಿ. ತಟ್ಟೆಗಳನ್ನು ಒಂದರ ಮೇಲೊಂದು ಹೇರದೆ ನೆಟ್ಟಗೆ ನಿಲ್ಲಿಸಿರಿ. ಅವುಗಳಲ್ಲಿ ಅರಗಿರುವುದರಿಂದ ಸ್ಪಿರಿಟ್ಟಿನಿಂದ ಒರಸಿದರೆ ಕರಗಿ ಹಾಳಾಗುತ್ತವೆ. ಮಗ್ಗುಲಿಗೊಂದು ಹೊಸ ಮುಳ್ಳು ಬಳಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಆ ಹಾಡನ್ನು ಹಿಂದೆ ಕೇಳಿದ ಹಿರಿಯರು ಮನೆಯಲ್ಲಿದ್ದರೆ, ದುರಸ್ತಿಯನ್ನು ಮುಂದಿನ ವರ್ಷಕ್ಕೆ ಮುಂದೂಡಬೇಡಿರಿ.