ಉಳಿದ ಆಟ, ಅಳಿದ ಬರಹ

ಹಸ್ತಪ್ರತಿಗಳ ನಡುವೆ ಮೂರು ದಶಕ ಕಳೆದ ಕನ್ನಡ ಅಧ್ಯಾಪಕನಿಗೆ ವಿಡಿಯೋ ಗೇಮುಗಳ ವಿಷಯದಲ್ಲಿ ಬರೆಯಲು ಅಧಿಕಾರವೇನು ಎಂದು ಓದುಗರು ಕೇಳಬಹುದು. ಅಧಿಕಾರವಿಲ್ಲ, ಒಂದು ತಪ್ಪಿನ ಹೊಣೆ ಮಾತ್ರ ಇದೆ. ಆ ತಪ್ಪು ನನ್ನ ವೃತ್ತಿಗೆ ಸಂಬಂಧಿಸಿದ್ದಾದ್ದರಿಂದ ಅದನ್ನು ಇಲ್ಲಿ ದಾಖಲಿಸುವುದು ಉಚಿತವೆಂದು ಭಾವಿಸಿದ್ದೇನೆ.

ಎರಡು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ಮನೆಯ ಹಳೆಯ ಬೀರುವನ್ನು ಒಪ್ಪಗೊಳಿಸುತ್ತಿದ್ದಾಗ ಮಗನ ಗೇಮ್ ಬಾಯ್ ಕೈಗೆ ಸಿಕ್ಕಿತು. ಅವನು ಮೂರನೆಯ ತರಗತಿಯಲ್ಲಿದ್ದಾಗ ಅಮೆರಿಕದಿಂದ ಬಂದ ಬಂಧುವೊಬ್ಬರು ಕೊಟ್ಟದ್ದು ಅದು. ಜೊತೆಗೆ 'ಪೋಕೆಮಾನ್ ರೆಡ್' ಎಂಬ ಕೆಂಪು ಕಾರ್ಟ್ರಿಜ್. ಜಪಾನಿನಲ್ಲಿ 1996ರಲ್ಲಿಯೂ ಅಮೆರಿಕದಲ್ಲಿ 1998ರಲ್ಲಿಯೂ ಹೊರಬಂದ ಆಟ. ಹೊಸ ಸೆಲ್ಲುಗಳನ್ನು ಹಾಕಿ ಗುಂಡಿ ಒತ್ತಿದೆ. ತೆರೆಯ ಮೇಲೆ 'ಕಂಟಿನ್ಯೂ' ಎಂಬ ಪದ ಮೂಡಿತು; ಅದನ್ನು ಆರಿಸಿದಾಗ ಮಗನ ಹೆಸರು, ಗಳಿಸಿದ ಎಂಟು ಪದಕಗಳು, ಆಡಿದ ಒಟ್ಟು ಕಾಲ ಕಾಣಿಸಿದವು. ನೂರು ಗಂಟೆಗೂ ಮಿಗಿಲಾಗಿತ್ತು. ನಾನು ಅಷ್ಟಕ್ಕೇ ನಿಲ್ಲಿಸಿ ಯಂತ್ರವನ್ನು ಆರಿಸಿದೆ. ಪರರ ಕಾಗದಪತ್ರ ಓದಬಾರದೆಂಬ ಸಂಕೋಚ.

ಆ ದಾಖಲೆ ಇಷ್ಟು ವರ್ಷ ಉಳಿದುದು ಹೇಗೆಂಬುದು ಆಗ ನನಗೆ ತಿಳಿದಿರಲಿಲ್ಲ. ಕಾರ್ಟ್ರಿಜ್ಜಿನ ಒಳಗೆ ಎರಡು ಬಗೆಯ ಸ್ಮೃತಿಗಳಿರುತ್ತವೆ. ಒಂದು ಕಾರ್ಖಾನೆಯಲ್ಲಿಯೇ ಅಚ್ಚಾದದ್ದು. ಆಟವೆಲ್ಲ ಇರುವುದು ಅದರಲ್ಲಿ. ವಿದ್ಯುತ್ತಿರಲಿ ಇಲ್ಲದಿರಲಿ ಅದು ಅಳಿಯದು. ಇನ್ನೊಂದು ಆಟಗಾರ ಉಳಿಸಿದ್ದನ್ನು ಬರೆದಿಡುವ ಸ್ಮೃತಿ. ಇದಕ್ಕೆ ಸದಾ ವಿದ್ಯುತ್ತಿನ ಆಸರೆ ಬೇಕು. ಆ ಆಸರೆ ನೀಡುವುದು ಒಳಗೆ ಬೆಸುಗೆ ಹಾಕಿದ, ಗುಂಡಿಯಾಕಾರದ, 3 ವೋಲ್ಟಿನ ಪುಟ್ಟ ಬ್ಯಾಟರಿ. ಅದು ಬತ್ತಿದ ದಿನ ಆಟ ಉಳಿಯುತ್ತದೆ, ಆಟಗಾರನ ಬರಹ ಅಳಿಯುತ್ತದೆ.

'ಒಳಗಿನ ಬ್ಯಾಟರಿ ಹಳೆಯದಾದರೆ ಎಲ್ಲವೂ ಹೋಗುತ್ತದೆ' ಎಂದು ವಿದ್ಯಾರ್ಥಿಯೊಬ್ಬ ಹೇಳಿದ ಅರ್ಧ ಮಾತನ್ನು ಹಿಡಿದು, ಮಗನಿಗೆ ಅಚ್ಚರಿಯ ಉಡುಗೊರೆಯಾಗಲಿ ಎಂದು ಅದನ್ನು ರಿಪೇರಿ ಅಂಗಡಿಗೆ ಒಯ್ದೆ. 'ಬ್ಯಾಟರಿ ಬದಲಿಸಿ' ಎಂದೆ. ಅವರು ನಾನು ಹೇಳಿದಂತೆಯೇ ಮಾಡಿದರು. ಮನೆಗೆ ತಂದು ಗುಂಡಿ ಒತ್ತಿದೆ. 'ಕಂಟಿನ್ಯೂ' ಇರಲಿಲ್ಲ. 'ನ್ಯೂ ಗೇಮ್' ಎಂದಷ್ಟೇ ಇತ್ತು. ಹಳೆಯ ಬ್ಯಾಟರಿಯನ್ನು ಕಿತ್ತ ಕ್ಷಣದಲ್ಲಿಯೇ, ಹೊಸದನ್ನು ಕೂರಿಸುವ ಮೊದಲೇ, ಎಲ್ಲವೂ ಅಳಿದಿತ್ತು.

ರಾತ್ರಿ ಮಗನಿಗೆ ಫೋನ್ ಮಾಡಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದರಲ್ಲಿ ಅಜ್ಜಿ ಇದ್ದಳು' ಎಂದ. ಆಟದ ಆರಂಭದಲ್ಲಿ ಮೂರು ಪ್ರಾಣಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅವನು ಆಮೆಯನ್ನು ಆರಿಸಿ ಅದಕ್ಕೆ ಇಂಗ್ಲಿಷಿನ ನಾಲ್ಕು ಅಕ್ಷರಗಳಲ್ಲಿ 'ಅಜ್ಜಿ' ಎಂದು ಹೆಸರಿಟ್ಟಿದ್ದ. ಮಂಡಿನೋವಿನ ನನ್ನ ತಾಯಿ ಅವನ ಪಕ್ಕದಲ್ಲಿ ಕುಳಿತು, ಏನೂ ಅರ್ಥವಾಗದಿದ್ದರೂ, 'ನಿನ್ನ ಆಮೆ ಗೆದ್ದಿತೇ?' ಎಂದು ಕೇಳುತ್ತಿದ್ದಳಂತೆ. ಆಮೆ ಬೆಳೆದು ರೂಪ ಬದಲಿಸಿದರೂ ಹೆಸರು ಬದಲಾಗದು. ತಾಯಿ 2006ರಲ್ಲಿ ತೀರಿಕೊಂಡಳು. ಆಮೇಲೆ ಅವನು ಆ ಆಟವನ್ನು ಮುಂದುವರಿಸಲಿಲ್ಲ. ಆದರೆ ವರ್ಷಕ್ಕೊಮ್ಮೆಯಾದರೂ ತೆರೆದು ನೋಡುತ್ತಿದ್ದನಂತೆ. ಇದೊಂದೂ ನನಗೆ ಗೊತ್ತಿರಲಿಲ್ಲ.

ಗ್ರಂಥಸಂಪಾದನೆಯ ತರಗತಿಯಲ್ಲಿ ನಾನು ಪ್ರತಿ ವರ್ಷ ಹೇಳುವ ಮೊದಲ ಪಾಠ ಒಂದಿದೆ: ಪ್ರತಿಯನ್ನು ಶುಚಿಗೊಳಿಸುವ ಮೊದಲು ಅದರ ನಕಲು ಮಾಡಿಕೊಳ್ಳಿ. ಓಲೆಗರಿಗೆ ಎಣ್ಣೆ ಸವರುವ ಮುನ್ನ ಅದರಲ್ಲಿ ಏನಿದೆಯೋ ಬರೆದುಕೊಳ್ಳಿ. ಕಾರ್ಟ್ರಿಜ್ಜಿನ ವಿಷಯದಲ್ಲಿಯೂ ಇದೇ ಕ್ರಮವಿದೆಯೆಂದು ನಂತರ ತಿಳಿಯಿತು. ಅದರೊಳಗಿನ ಬರಹವನ್ನು ಓದಿ ಕಂಪ್ಯೂಟರಿಗೆ ಇಳಿಸುವ ಚಿಕ್ಕ ಸಾಧನಗಳಿವೆ. ಮೊದಲು ನಕಲು ಮಾಡಿಕೊಂಡು, ಬಳಿಕ ಬ್ಯಾಟರಿ ಬದಲಿಸಿ, ಆಮೇಲೆ ಆ ನಕಲನ್ನು ಮರಳಿ ಬರೆಯಬಹುದು. ಕೆಲವೇ ನಿಮಿಷಗಳ ಕೆಲಸ. ಕಲಿಸುವ ಪಾಠವನ್ನು ಮನೆಯ ಬೀರುವಿನ ಮುಂದೆ ಮರೆತಿದ್ದೆ. ಅಲ್ಲಿರುವುದೂ ಒಂದು ಹಸ್ತಪ್ರತಿಯೆಂದು ನನಗೆ ಹೊಳೆದಿರಲಿಲ್ಲ.

ಪ್ರಾಯಶ್ಚಿತ್ತವೆಂಬಂತೆ ಈ ಆಟಗಳ ಉಳಿಕೆಯ ಇತಿಹಾಸವನ್ನು ಓದತೊಡಗಿದೆ. 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್ ಯಂತ್ರದ ಮೊದಮೊದಲ ಆಟಗಳಲ್ಲಿ ಉಳಿಸುವ ಮಾತೇ ಇರಲಿಲ್ಲ. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಒಂದೇ ಸಲಕ್ಕೆ ಆಡಿ ಮುಗಿಸಬೇಕಾದದ್ದು. ತೊಂಬತ್ತರ ದಶಕದಲ್ಲಿ ಫ್ಯಾಮಿಕಾಮಿನ ನಕಲು ಯಂತ್ರಗಳು ನಮ್ಮ ಊರುಗಳಿಗೂ ಬಂದಾಗ, ಕರೆಂಟು ಹೋಯಿತೆಂದರೆ ಬೀದಿಯ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಿದ್ದುದು ನೆನಪಿದೆ.

1986ರ 'ಡ್ರ್ಯಾಗನ್ ಕ್ವೆಸ್ಟ್' ಒಂದು ಉಪಾಯ ಹುಡುಕಿತು. ಆಟ ನಿಲ್ಲಿಸುವಾಗ ಅದು ಇಪ್ಪತ್ತು ಜಪಾನೀ ಅಕ್ಷರಗಳ 'ಪುನರುಜ್ಜೀವನ ಮಂತ್ರ'ವನ್ನು ಕೊಡುತ್ತಿತ್ತು. ಮಕ್ಕಳು ಅದನ್ನು ಕಾಗದದಲ್ಲಿ ಬರೆದುಕೊಂಡು ಮರುದಿನ ಮತ್ತೆ ಒತ್ತಬೇಕು. ಎರಡನೆಯ ಭಾಗದಲ್ಲಿ ಮಂತ್ರ 52 ಅಕ್ಷರಗಳವರೆಗೂ ಬೆಳೆಯಿತು. ಒಂದಕ್ಷರ ತಪ್ಪಿದರೂ ಯಂತ್ರ ಒಪ್ಪದು. ಪಕಾರವನ್ನು ವಕಾರವೆಂದು ಓದಿದ ಲಿಪಿಕಾರರೊಡನೆ ಗುದ್ದಾಡಿದ ನನಗೆ ಆ ಮಕ್ಕಳ ಮೇಲೆ ಸಹೋದರಭಾವ ಮೂಡಿತು. ಮಂತ್ರದ ಪದ್ಧತಿಗೆ ಒಂದು ಗುಣವೂ ಇತ್ತು: ಕಾಗದ ಇರುವತನಕ ಅದು ಇರುತ್ತದೆ, ಎಷ್ಟು ಪ್ರತಿ ಬೇಕಾದರೂ ಮಾಡಬಹುದು. ಬ್ಯಾಟರಿ ಬಂದು ಆ ಶ್ರಮ ತಪ್ಪಿತು. ಜೊತೆಗೆ ಪ್ರತಿ ಮಾಡುವ ಅಭ್ಯಾಸವೂ ತಪ್ಪಿತು. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿದ ಅತ್ತಿಮಬ್ಬೆಯನ್ನು ನಾವು ಸ್ಮರಿಸುವುದು ಗಟ್ಟಿಯಾದ ಪೆಟ್ಟಿಗೆ ಮಾಡಿಸಿದಳೆಂದಲ್ಲ.

ಈಗ ಹಳೆಯ ಯಂತ್ರಗಳ ಪುಟಾಣಿ ರೂಪಗಳು ಬಂದಿವೆ. 2016ರಲ್ಲಿ ನಿಂಟೆಂಡೊ 30 ಆಟಗಳನ್ನು ಒಳಗೇ ತುಂಬಿದ, ಅಂಗೈಯಗಲದ ಒಂದನ್ನು ಹೊರತಂದಿತು. ಮರುವರ್ಷ 21 ಆಟಗಳ ಇನ್ನೊಂದನ್ನು. ಬೇಕೆಂದ ಕ್ಷಣದಲ್ಲಿ ಆಟವನ್ನು ಹೆಪ್ಪುಗಟ್ಟಿಸಿ, ಒಂದೊಂದು ಆಟಕ್ಕೆ ನಾಲ್ಕರಂತೆ ವಿರಾಮಬಿಂದುಗಳನ್ನು ಇಟ್ಟುಕೊಳ್ಳಬಹುದು. ಮೊದಲನೆಯದರ ಮೇಲೆ ಕಾರ್ಟ್ರಿಜ್ ಹಾಕುವ ಮುಚ್ಚಳದ ಆಕಾರವೂ ಇದೆ, ಆದರೆ ಅದು ತೆರೆಯದು. ಈ ಮುಚ್ಚಳ ನನ್ನನ್ನು ಬಹಳ ದಿನ ಕಾಡಿತು. ಆಟವೆಂಬ ಕೃತಿಗೆ ಮರುಮುದ್ರಣ ದೊರೆಯಿತು. ಆದರೆ ಓದುಗ ಅಂಚಿನಲ್ಲಿ ಬರೆದದ್ದಕ್ಕೆ ಅಲ್ಲಿ ಪ್ರವೇಶವಿಲ್ಲ. ಕಾವ್ಯದ ಅಚ್ಚಾದ ಆವೃತ್ತಿಗಳಲ್ಲಿ, ಓಲೆಯ ಕೊನೆಗೆ ತನ್ನ ಹೆಸರನ್ನೂ ಊರನ್ನೂ ಬರೆದು ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡಿದ ಲಿಪಿಕಾರನನ್ನು ನಾವು ಎಷ್ಟೋ ಸಲ ಕೈಬಿಟ್ಟಿದ್ದೇವಲ್ಲ, ಹಾಗೆ. 'ಪೋಕೆಮಾನ್ ರೆಡ್' ಕಾರ್ಟ್ರಿಜ್ಜುಗಳು ಜಗತ್ತಿನಲ್ಲಿ ಲಕ್ಷಾಂತರ ಇವೆ. ಅಜ್ಜಿಯೆಂಬ ಆಮೆಯಿದ್ದ ಪ್ರತಿ ಒಂದೇ ಇತ್ತು.

ಕಳೆದ ದೀಪಾವಳಿಗೆ ಮಗ ಅಂತಹ ಪುಟಾಣಿ ಯಂತ್ರವೊಂದನ್ನು ತಂದ. 'ದಿ ಲೆಜೆಂಡ್ ಆಫ್ ಜೆಲ್ಡಾ' ತೆರೆದು, ಹೆಸರು ನೋಂದಾಯಿಸುವ ಕಡೆ ನಾಲ್ಕು ಅಕ್ಷರ ಒತ್ತಿ, ನಿಯಂತ್ರಕವನ್ನು ನನ್ನ ಕೈಗೆ ಕೊಟ್ಟ. ನಾನು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಸತ್ತೆ. ತೆರೆಯ ಮೇಲೆ ಮೂರು ಆಯ್ಕೆಗಳು ಮೂಡಿದವು: ಮುಂದುವರಿಸು, ಉಳಿಸು, ಮತ್ತೆ ಯತ್ನಿಸು. ಈ ಆಟದಲ್ಲಿ ಸಾಮಾನ್ಯವಾಗಿ ಸತ್ತ ಮೇಲೆಯೇ ಉಳಿಸುವ ಅವಕಾಶ ಬರುವುದೆಂದು ಮಗ ವಿವರಿಸಿದ.

ಉಳಿಸು ಎಂಬುದನ್ನು ಒತ್ತಿದೆ. ಆಮೇಲೆ ಒಳಗೆ ಹೋಗಿ ನೋಟ್‌ಬುಕ್ ತಂದು, ದಿನಾಂಕ ಹಾಕಿ, ಆಮೆಯ ವಿಷಯವಾಗಿ ಅವನಿಗೆ ನೆನಪಿರುವುದನ್ನೆಲ್ಲ ಹೇಳು ಎಂದೆ. ಅವನು ಹೇಳುತ್ತ ಹೋದ, ನಾನು ಬರೆದುಕೊಂಡೆ. ಎರಡು ಪ್ರತಿ.