ಬೇಕೆಂದೇ ಕೊರೆದ ತೂತು

ಮುಡಬಿಯ ಆ ಮನೆಯ ಕೊಟ್ಟಿಗೆಯಿಂದ ಎತ್ತುಗಳು ಹೋಗಿ ಎಷ್ಟೋ ವರ್ಷಗಳಾದವು. ಈಗ ಅಲ್ಲಿ ನಿಂತಿರುವುದು ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಅಜ್ಜ ಕೊಂಡದ್ದು, ಅಪ್ಪ ಮಾರದೆ ಉಳಿಸಿಕೊಂಡದ್ದು. ಹತ್ತನೆಯ ತರಗತಿಯ ಮಗನ ಪಾಲಿಗೆ ಬಂದದ್ದು ಅದನ್ನು ಒರೆಸುವ ಮತ್ತು ವಾರಕ್ಕೊಮ್ಮೆ ನೀರು ನೋಡುವ ಕೆಲಸ.

ಹುಡುಗನಿಗೆ ಆ ಕಾರಿನ ಬಗ್ಗೆ ಬಲು ಹೆಮ್ಮೆ. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಮದ್ರಾಸಿನಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ತಯಾರಾಯಿತು. 1962ರಲ್ಲಿ ಅದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, ಅದೇ ಮನೆತನದ ಎಂಜಿನ್ ಕೂರಿಸಿ ಇಂಗ್ಲೆಂಡಿನಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದರು. "ನಮ್ಮದು ಸ್ಪೋರ್ಟ್ಸ್ ಕಾರಿನ ಅಣ್ಣ" ಎಂದು ಅವನು ಗೆಳೆಯರೆದುರು ಹೇಳುತ್ತಿದ್ದುದು ತೀರ ಸುಳ್ಳೇನಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಕಾರಿನ ಕೆಳಗೆ ನೆಲದ ಮೇಲೆ ಹಸಿರು ಬಣ್ಣದ ಒಂದೆರಡು ಹನಿ ಕಂಡವು. ಹುಡುಗ ಬಾಗಿ ನೋಡಿದ. ನೀರಿನ ಪಂಪಿನ ಅಡಿಯಲ್ಲಿ ಕಡಲೆ ಕಾಳಿಗಿಂತ ಸಣ್ಣ ತೂತು. ಅದರ ಬಾಯಲ್ಲಿ ಇನ್ನೊಂದು ಹನಿ. ತುಕ್ಕು ಹಿಡಿದು ತೂತು ಬಿದ್ದಿದೆ, ನೀರು ನೋಡುವವನು ತಾನೇ ಆದ್ದರಿಂದ ಬೈಗುಳವೂ ತನಗೇ ಎಂದುಕೊಂಡ. ಅದೇ ವಾರ ಬಂದಿದ್ದ ಗಣಿತದ ಉತ್ತರಪತ್ರಿಕೆ ಬೇರೆ ಚೀಲದ ತಳದಲ್ಲಿ ಮಡಿಚಿ ಕುಳಿತಿತ್ತು. ಒಂದೇ ವಾರದಲ್ಲಿ ಎರಡು ಬೈಗುಳ ತಡೆಯುವ ಧೈರ್ಯ ಅವನಿಗಿರಲಿಲ್ಲ. ಪೈಪಿಗೆ ಹಚ್ಚುವ ಅಂಟುಲೇಪ ತಂದು ತೂತನ್ನು ಗಟ್ಟಿಯಾಗಿ ಮುಚ್ಚಿದ. ಹನಿ ನಿಂತಿತು. ಉತ್ತರಪತ್ರಿಕೆಯೂ ಚೀಲದಲ್ಲೇ ಉಳಿಯಿತು.

ಫೆಬ್ರುವರಿಯ ಒಂದು ಮಧ್ಯಾಹ್ನ ಅಜ್ಜಿಯನ್ನು ಕೂರಿಸಿಕೊಂಡು ಬಸವಕಲ್ಯಾಣಕ್ಕೆ ಹೊರಟ ಕಾರು ಮುಡಬಿ ದಾಟಿ ಸ್ವಲ್ಪ ದೂರದಲ್ಲೇ ಕಿರುಗುಟ್ಟತೊಡಗಿತು. ಉಷ್ಣತೆಯ ಮುಳ್ಳು ಕೆಂಪಿಗೇರಿತು. ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಟ್ಟಿತು. ಅಪ್ಪ ಗಡಿಬಿಡಿಯಿಂದ ಇಳಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಹೋದರು. ಹಿಂದಿನ ಸೀಟಿನಿಂದ ಅಜ್ಜಿ ಕೂಗಿದರು: "ಸೀಟಿ ಇಳಿಯೋದ್ರಾಗ ಕುಕ್ಕರ್ ಮುಚ್ಚಳ ಯಾರರ ತೆಗೀತಾರೇನಪ್ಪಾ?"

ಅಜ್ಜಿ ಹೇಳಿದ್ದು ಅಪ್ಪಟ ಭೌತಶಾಸ್ತ್ರ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಸೀಮೆಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಚದರ ಇಂಚಿಗೆ 7 ಪೌಂಡ್ ಒತ್ತಡ ಹಿಡಿದಿಡುವ ಮುಚ್ಚಳವಿದ್ದರೆ ಕುದಿಬಿಂದು ಇನ್ನೂ ಹನ್ನೊಂದು ಹನ್ನೆರಡು ಡಿಗ್ರಿ ಮೇಲೇರುತ್ತದೆ. ಬಿಸಿಯಿದ್ದಾಗಲೇ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು, ಒಳಗಿನ ನೀರು ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಅಪಾಯವೇ. ಎರಕದ ಕಬ್ಬಿಣ ಬಿರುಕು ಬಿಡಬಹುದು. ಅಪ್ಪ ಕೈ ಹಿಂದೆಗೆದರು. ಕಡೆಗೆ ಯಾರದೋ ಟ್ರ್ಯಾಕ್ಟರ್ ಆ ಕಾರನ್ನು ಮುಡಬಿಗೆ ಎಳೆದು ತಂದಿತು.

ಮರುದಿನ ಮಿಸ್ತ್ರಿ ಬಂದರು. ಹೆರಾಲ್ಡಿನ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಎಂಜಿನ್ ಪಾಠದ ಮಾದರಿಯ ಹಾಗೆ ಬಯಲಾಗುತ್ತದೆ. ಮಿಸ್ತ್ರಿ ಮೊದಲು ರೇಡಿಯೇಟರಿನ ನೀರನ್ನು ಒಂದು ಡಬ್ಬಕ್ಕೆ ಇಳಿಸಿ ಮುಚ್ಚಿಟ್ಟರು. ಕೂಲಂಟಿನಲ್ಲಿರುವ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಾಯಿಯೋ ಕರುವೋ ಕುಡಿದರೆ ಕಷ್ಟ.

ಆಮೇಲೆ ಡೈನಮೊ ಸಡಿಲಿಸಿ ಬೆಲ್ಟ್ ತೆಗೆದರು. ಪಂಪಿನ ಗಾಲಿಯನ್ನು ಹಿಡಿದು ಅಲುಗಿಸಿದರೆ ಅದು ಸಡಿಲ ಹಲ್ಲಿನಂತೆ ಆಡಿತು. ಬೇರಿಂಗು ಮುಗಿದಿತ್ತು. ಪಂಪು ಬಿಚ್ಚಿ ತಿರುವಿ ನೋಡಿದ ಮಿಸ್ತ್ರಿ ಒಣಗಿದ ಲೇಪವನ್ನು ಉಗುರಿನಿಂದ ಕೆರೆದರು.

"ಈ ತೂತು ಯಾರು ಮುಚ್ಯಾರ?"

ಯಾರೂ ಮಾತಾಡಲಿಲ್ಲ. ಹುಡುಗ ನೆಲ ನೋಡುತ್ತಿದ್ದ. ಮಿಸ್ತ್ರಿಗೆ ಉತ್ತರ ಸಿಕ್ಕಿತು. ಬೈಯಲಿಲ್ಲ.

"ಇದು ತುಕ್ಕಿನ ತೂತಲ್ಲ ತಮ್ಮಾ. ಮಾಡಿದವ್ರೇ ಬೇಕಂತ ಕೊರದಾರ. ಒಳಗ ಸೀಲು ಸೋತ್ರ ಮೊದಲು ಇಲ್ಲಿ ಒಂದು ಹನಿ ಬರ್ತದ. ಅದೇ ಸುದ್ದಿ. ಸುದ್ದಿ ಬಾಯಿ ಮುಚ್ಚಿದ್ರ ನೀರು ಎಲ್ಲಿ ಹೋಗಬೇಕು? ಬೇರಿಂಗಿಗೆ ಹೋಯ್ತು, ಗ್ರೀಸು ತೊಳೀತು."

ಪಂಪಿನ ಕೆಲಸ ಸಣ್ಣದಲ್ಲ. ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಶಾಖವಾಗಿ ಈ ನೀರಿನ ಪಾಲಿಗೆ ಬರುತ್ತದೆ. ಒಂದು ಕಿಲೊ ಕಬ್ಬಿಣವನ್ನು ಒಂದು ಡಿಗ್ರಿ ಕಾಯಿಸಲು ಬೇಕಾದುದಕ್ಕಿಂತ ಒಂಬತ್ತು ಪಟ್ಟು ಶಾಖವನ್ನು ಒಂದು ಕಿಲೊ ನೀರು ಹೊರಬಲ್ಲದು. ಆದರೆ ನಿಂತ ನೀರು ಹೊತ್ತದ್ದನ್ನು ಎಲ್ಲಿ ಇಳಿಸೀತು? ಅದನ್ನು ಎಂಜಿನ್ನಿನಿಂದ ರೇಡಿಯೇಟರಿಗೆ, ಅಲ್ಲಿಂದ ಮತ್ತೆ ಎಂಜಿನ್ನಿಗೆ ಓಡಿಸುವುದು ಪಂಪಿನೊಳಗಿನ ರೆಕ್ಕೆಚಕ್ರ. ಆ ಚಕ್ರದ ದಂಡವನ್ನು ಹಿಡಿದಿರುವುದು ಬೇರಿಂಗು. ಬೇರಿಂಗನ್ನು ನೀರಿನಿಂದ ಕಾಯುವುದು ಸೀಲು. ಸೀಲು ಸೋತಿತೆಂದು ಹೇಳುವುದು ಆ ಸಣ್ಣ ತೂತು.

ಪಂಪು ಹುಡುಕಿ ತರಲು ಹೈದರಾಬಾದಿಗೆ ಹೋಗಬೇಕಾಯಿತು. ಅದು ಬಂದ ದಿನ ಮಿಸ್ತ್ರಿ ಹುಡುಗನ ಕೈಗೇ ಪಾನಾ ಕೊಟ್ಟರು. ಹಳೆಯ ಪ್ಯಾಕಿಂಗಿನ ಚೂರೂ ಉಳಿಯದಂತೆ ಕೆರೆಯಿಸಿದರು. ಬೋಲ್ಟುಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿಯದೆ, ಎಲ್ಲವನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಲು ಹೇಳಿಕೊಟ್ಟರು. ಬೆಲ್ಟನ್ನು ಬೆರಳಿನಿಂದ ಒತ್ತಿದರೆ ಸುಮಾರು ಮುಕ್ಕಾಲು ಇಂಚು ಬಾಗಬೇಕು. ತೀರ ಬಿಗಿದರೆ ಹೊಸ ಬೇರಿಂಗೂ ಬೇಗ ಸವೆಯುತ್ತದೆ. ತೀರ ಸಡಿಲಾದರೆ ಚಕ್ರ ತಿರುಗುವುದಿಲ್ಲ. ಬಾವಿಯ ಗಡಸು ನೀರು ಸುಣ್ಣ ಕಟ್ಟುತ್ತದೆಂದು ಶುದ್ಧೀಕರಿಸಿದ ನೀರಿಗೆ ಕೂಲಂಟ್ ಬೆರೆಸಿ ತುಂಬಿಸಿದರು. ತಣ್ಣಗಿದ್ದಾಗಲೇ ಮುಚ್ಚಳ ತೆಗೆದಿಟ್ಟು ಎಂಜಿನ್ ಶುರು ಮಾಡಿ, ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬಂದ ಮೇಲೆ ಮುಚ್ಚಿದರು. ಮುಳ್ಳು ನಡುವೆ ಬಂದು ನಿಂತಿತು.

ಕೈ ತೊಳೆಯುವಾಗ ಅಪ್ಪ ಕೇಳಿದರು: "ಹನಿ ಕಂಡಾಗ್ಲೇ ಯಾಕ ಹೇಳ್ಲಿಲ್ಲ?"

"ಅಂಜಿಕಿ ಬಂತಪ್ಪಾ."

ಅಪ್ಪನಿಗೆ ಪಂಪಿಗೆ ಕೊಟ್ಟ ಹಣಕ್ಕಿಂತ ಆ ಮಾತು ಭಾರವಾಯಿತು. ಲೇಪ ಹಚ್ಚಿದ ಕೈ ಮಗನದು. ಆದರೆ ಅದನ್ನು ಹಚ್ಚಿಸಿದ್ದು ಯಾವುದೆಂದು ಅವರಿಗೆ ತಿಳಿಯಿತು.

ಅಂದು ರಾತ್ರಿ ಊಟವಾದ ಮೇಲೆ ಹುಡುಗ ಚೀಲದ ತಳದಿಂದ ಮಡಿಕೆ ಬಿದ್ದ ಉತ್ತರಪತ್ರಿಕೆ ತಂದು ಅಪ್ಪನ ಮುಂದಿಟ್ಟ. ನೂರಕ್ಕೆ ಇಪ್ಪತ್ತೊಂದು. ಅಪ್ಪನ ಮುಖ ಕೆಂಪೇರಿತು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಉಸಿರು ಬಿಗಿಹಿಡಿದು ನಿಂತರು. ಅಪ್ಪ ಒಂದು ಲೋಟ ನೀರು ಕುಡಿದರು. ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುವಿದರು.

"ರೇಖಾಗಣಿತ ಬರ್ತದ. ಬೀಜಗಣಿತದಾಗ ಸೋರ್ಲಿಕತ್ತದ. ಪೆನ್ಸಿಲ್ ತೊಗೊಂಡು ಬಾ."

ಪರೀಕ್ಷೆಗೆ ಇನ್ನೂ ಆರು ವಾರಗಳಿದ್ದವು.