ಮುಯ್ಯಿ ಬಾಕಿ ಇದೆ ಮಾರಾಯ

ನಾವು ಅಂದ್ರೆ ಹಾಸ್ಟೆಲ್ಲಿನ ಒಂದೇ ಕಾರಿಡಾರಿನ ಮೂವರು. ಒಬ್ಬ ಸಾಗರ, ಒಬ್ಬ ಹೊಸನಗರ, ಇನ್ನೊಬ್ಬ ತೀರ್ಥಹಳ್ಳಿ. ಉಳಿದವರ ಲೆಕ್ಕದಲ್ಲಿ ಮೂವರೂ 'ಶಿವಮೊಗ್ಗದವರು'. ಅದನ್ನ ತಿದ್ದೋದು ಬಿಟ್ಟು ಎರಡು ವರ್ಷ ಆಯ್ತು. ಆದ್ರೆ ಕ್ಲಾಸಿನವರ ಪ್ರಶ್ನೆಗಳು ಮಾತ್ರ ನಿಂತಿಲ್ಲ. ಪ್ರತಿ ಮಾತಿಗೂ ಯಾಕೆ 'ಎಂತ' ಅಂತೀರಿ? ಮನೆಗೆ ಬಂದವರಿಗೆ ನೀರಿನ ಜೊತೆ ಬೆಲ್ಲ ಯಾಕೆ ಕೊಡ್ತೀರಿ? ಸೆಮಿಸ್ಟರ್ ಮಧ್ಯೆ 'ಅಡಿಕೆ ಕೊಯ್ಲು' ಅಂತ ರಜ ಹಾಕೋದು ಯಾವ ಸೀಮೆ ಪದ್ಧತಿ? ಒಬ್ಬೊಬ್ಬರಿಗೆ ಉತ್ತರ ಹೇಳಿ ಸಾಕಾಗಿದೆ. ಇಲ್ಲಿ ಒಟ್ಟಿಗೆ ಹೇಳಿಬಿಡ್ತೀವಿ.

ಮೊದಲು ನಮ್ಮ ಊರುಗಳ ನಕ್ಷೆ ತಲೆಯಲ್ಲಿ ಇರಬೇಕು. ಬಯಲುಸೀಮೆ ಹಳ್ಳಿ ಹಾಗೆ ಸಾಲಾಗಿ ಮನೆ, ಮಧ್ಯೆ ಬೀದಿ, ಆ ಥರ ಇರೋದು ಕಡಿಮೆ. ಗುಡ್ಡದ ಬುಡದಲ್ಲಿ ಒಂದು ಮನೆ, ಅದರ ಕೆಳಗೆ ಅಡಿಕೆ ತೋಟ, ತೋಟದಾಚೆ ಹಳ್ಳ, ಹಳ್ಳಕ್ಕೊಂದು ಮರದ ಸಂಕ. ಸಂಕ ದಾಟಿ ಗುಡ್ಡ ಹತ್ತಿದರೆ ಪಕ್ಕದ ಮನೆ. 'ಪಕ್ಕದ ಮನೆ' ಅಂದ್ರೆ ಕೂಗಿದರೆ ಕೇಳಿದರೂ ಕೇಳಬಹುದು ಅನ್ನುವಷ್ಟು ದೂರ. ಅದರ ಮೇಲೆ ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತೆ. ಬೆಂಗಳೂರಿನದು 1000ದ ಆಸುಪಾಸು. ಹೊಳೆ ಉಕ್ಕಿ ಸಂಕ ಮುಳುಗಿದರೆ ಆ ದಿನ ಶಾಲೆಯೂ ಇಲ್ಲ, ಪೇಟೆಯೂ ಇಲ್ಲ.

ಇಂಥ ಜಾಗದಲ್ಲಿ ಮನೆಗೆ ಒಬ್ಬರು ಬಂದರು ಅಂದ್ರೆ ನಡೆದೇ ಬಂದಿರ್ತಾರೆ, ಸುಸ್ತಾಗಿರ್ತಾರೆ. ಉಣಗೋಲು ಸರಿಸಿ ಅಂಗಳಕ್ಕೆ ಕಾಲಿಟ್ಟವರಿಗೆ ಕಾಲಿಗೆ ನೀರು, ಕುಡಿಯೋಕೆ ನೀರು, ಜೊತೆಗೊಂದು ಚೂರು ಬೆಲ್ಲ. ಈಗಿನ ಭಾಷೆಯಲ್ಲಿ ಗ್ಲೂಕೋಸ್ ಅಂತ ಇಟ್ಕೊಳ್ಳಿ. ಸಾಗರದ ಕಡೆ ಹವ್ಯಕರ ಮನೆಯಲ್ಲಾದರೆ "ಆಸರಿಗೆ ಎಂತ ಬೇಕು?" ಅನ್ನೋದು ಮೊದಲ ಮಾತು. ಆಮೇಲೆ ಎಲೆ-ಅಡಿಕೆಯ ತಟ್ಟೆ ಜಗಲಿಗೆ ಬರುತ್ತೆ. ಬಂದ ಕೆಲಸ ಏನು ಅಂತ ತಕ್ಷಣ ಕೇಳೋ ಹಾಗಿಲ್ಲ. ಕವಳ ಹಾಕ್ಕೊಂಡು ಮಳೆ, ಕೊಳೆರೋಗ, ಅಡಿಕೆ ರೇಟು ಎಲ್ಲ ಮುಗಿದ ಮೇಲೆ, ಎದ್ದು ಹೊರಡುವಾಗ, ಬಾಗಿಲ ಹತ್ರ ನಿಂತು ಅವರೇ ಹೇಳ್ತಾರೆ: "ನಾಡಿದ್ದು ನಮ್ಮಲ್ಲಿ ಕೊನೆ ಕೊಯ್ಲು, ಒಂದಾಳು ಬೇಕಿತ್ತಲ್ಲ."

ಬಂದಿದ್ದೇ ಅದಕ್ಕೆ. ಇದಕ್ಕೆ ಹೇಳೋದು ಮುಯ್ಯಾಳು. ಇವತ್ತು ನಿಮ್ಮ ಮನೆಯಿಂದ ಒಬ್ಬರು ನಮ್ಮ ಗದ್ದೆ ನೆಟ್ಟಿಗೆ ಬಂದರೆ, ನಾಳೆ ನಮ್ಮ ಮನೆಯಿಂದ ಒಬ್ಬರು ನಿಮ್ಮಲ್ಲಿಗೆ. ದುಡ್ಡಿನ ಮಾತಿಲ್ಲ, ಬರೆದಿಡೋದೂ ಇಲ್ಲ, ಆದರೆ ಯಾರೂ ಮರೆಯೋದಿಲ್ಲ. ಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯೋಕೆ ಅಕ್ಕಪಕ್ಕದ ಮನೆಯ ಹೆಂಗಸರು, ಮಕ್ಕಳು ಎಲ್ಲ ಸೇರ್ತಿದ್ದರು. ಒಬ್ಬೊಬ್ಬರ ಮುಂದೆ ಒಂದೊಂದು ಮೆಟ್ಟುಗತ್ತಿ, ಮಧ್ಯೆ ಹಸಿ ಅಡಿಕೆಯ ರಾಶಿ. ಊರಿನ ಸುದ್ದಿ, ಯಕ್ಷಗಾನದ ಕಥೆ, ಮದುವೆ ಸಂಬಂಧದ ಮಾತುಕತೆ ಎಲ್ಲ ಅಲ್ಲೇ. ಸುಲಿದಿದ್ದನ್ನ ಚೊಗರು ಹಾಕಿ ಬೇಯಿಸಿ ಒಣಗಿಸೋ ಹೊತ್ತಿಗೆ ಇಡೀ ಊರಿನ ವಿಷಯ ಇಡೀ ಊರಿಗೆ ಗೊತ್ತಾಗಿರ್ತಿತ್ತು.

ಇದು ನಮ್ಮಲ್ಲಿ ಮಾತ್ರ ಇರೋ ಬುದ್ಧಿ ಅಂತ ನಾವು ಅಂದ್ಕೊಂಡಿದ್ವಿ. ಆಸ್ಟ್ರೇಲಿಯಾಕ್ಕೆ ಎಂ.ಎಸ್. ಮಾಡೋಕೆ ಹೋದ ಸೀನಿಯರ್ ಒಬ್ಬರು ರಜಕ್ಕೆ ಬಂದಾಗ ಅಲ್ಲಿಯ ಒಂದು ಪದ್ಧತಿ ಹೇಳಿದರು. ನಾಲ್ಕು ಜನ ಗೆಳೆಯರು ಪಬ್ಬಿಗೋ ಕಾಫಿಗೋ ಹೋದರೆ ಬಿಲ್ ಹಂಚಿಕೊಳ್ಳೋ ಬದಲು ಈ ಸುತ್ತು ಒಬ್ಬ, ಮುಂದಿನ ಸುತ್ತು ಇನ್ನೊಬ್ಬ ಎಲ್ಲರದ್ದೂ ಕೊಡ್ತಾನಂತೆ. ಅದಕ್ಕೆ 'ಶೌಟ್' ಅಂತ ಹೆಸರು. ತನ್ನ ಸರದಿ ಬರೋ ಮೊದಲು ಮೆಲ್ಲಗೆ ಜಾಗ ಖಾಲಿ ಮಾಡಿದವನಿಗೆ ಅಲ್ಲಿ ಮರ್ಯಾದೆ ಇಲ್ಲ. ಊಟಕ್ಕೆ ಕರೆದಾಗ 'ಒಂದು ಪ್ಲೇಟ್ ತನ್ನಿ' ಅಂದರೆ ಖಾಲಿ ತಟ್ಟೆ ತರೋದಲ್ಲ, ಎಲ್ಲರ ಜೊತೆ ಹಂಚಿ ತಿನ್ನೋಕೆ ಏನಾದರೂ ಅಡುಗೆ ಮಾಡಿ ತರೋದು. ಕೇಳಿದ ಕೂಡಲೇ ನಮ್ಮ ತೀರ್ಥಹಳ್ಳಿಯವನು ಅಂದ, "ಎಂತದು ಮಾರಾಯ, ಇದು ನಮ್ಮ ಮುಯ್ಯಿಯೇ ಅಲ್ವನಾ!"

ಆದರೆ ಹಾಡಿ ಹೊಗಳೋಕೆ ಮೊದಲು ಇನ್ನೊಂದು ಮಾತೂ ಹೇಳಬೇಕು. ನಮ್ಮ ಮುಯ್ಯಿ ನಡೀತಿದ್ದದ್ದು ಸರೀಕರ ನಡುವೆ. ಒಡೆಯರ ಗದ್ದೆ ಮಾಡುವ ಗೇಣಿದಾರನ ಮನೆಗೆ ಒಡೆಯರು ಮುಯ್ಯಾಳಾಗಿ ಹೋಗ್ತಿರಲಿಲ್ಲ. ಜಗಲಿಯಲ್ಲಿ ಯಾರು ಎಲ್ಲಿ ಕೂರಬೇಕು, ಯಾರಿಗೆ ಯಾವ ಲೋಟ ಅನ್ನೋದೂ ಅದೇ 'ಪದ್ಧತಿ'ಯ ಭಾಗವೇ ಆಗಿತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ನಡೆದಾಗ ಜಗಳದ ಮೂಲದಲ್ಲಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ. ಅಳತೆಯೇ ದೊಡ್ಡದಾದರೆ ದುಡಿದವನ ಪಾಲು ಚಿಕ್ಕದಾಗುತ್ತೆ. ಆ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ಕಡೆಯ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ಶಾಸಕರಾದರು. ನಮ್ಮ ಮೂರೂ ತಾಲ್ಲೂಕು ಸೇರುವ ಜಾಗ ಅದು. ಇವತ್ತು ನಾವು ಮೂವರು ಬೇರೆ ಬೇರೆ ಜಾತಿಯವರು ಒಂದೇ ಡಬ್ಬದ ಅಪ್ಪೆಮಿಡಿ ಉಪ್ಪಿನಕಾಯಿಗೆ ಕಿತ್ತಾಡೋದು ಸುಮ್ಮನೆ ಬಂದದ್ದಲ್ಲ.

ಈಗ ಊರಲ್ಲಿ ಅಡಿಕೆ ಸುಲಿಯೋಕೆ ಯಂತ್ರ ಬಂದಿದೆ. ಒಳ್ಳೆಯದೇ, ಅಮ್ಮಂದಿರ ಸೊಂಟ ಉಳೀತು. ಲಾಂಚಿಗೆ ಕಾಯುತ್ತಿದ್ದ ಶರಾವತಿ ಹಿನ್ನೀರಿನಾಚೆಯವರಿಗೆ 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಸಿಕ್ಕಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗಿನಿಂದ ಕಾದಿದ್ದರು ಅವರು. ಇದರಲ್ಲಿ ಯಾವುದೂ ಬೇಡ ಅನ್ನೋಕೆ ನಮಗೆ ಬಾಯಿಲ್ಲ. ಕಷ್ಟ ಇರೋದು ಬೇರೆ ಕಡೆ.

ಹೋದ ಮಳೆಗಾಲ ಹೊಸನಗರದವನ ಊರಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಗಾಳಿಮಳೆಗೆ ರಸ್ತೆ ಮೇಲೆ ಮರ ಬಿದ್ದಿತ್ತು, ಕರೆಂಟೂ ಇರಲಿಲ್ಲ. ಅವರ ಮಕ್ಕಳು ಬೆಂಗಳೂರಿಂದ ಬಂದು ಮುಟ್ಟೋಕೆ ಮರುದಿನ ಮಧ್ಯಾಹ್ನ ಆಯ್ತು. ಅಷ್ಟರಲ್ಲಿ ಮರ ಕಡಿದು ದಾರಿ ಬಿಡಿಸಿದ್ದು, ಒಣ ಸೌದೆ ಹೊಂದಿಸಿದ್ದು, ಆ ಮನೆಯಲ್ಲಿ ಒಲೆ ಹಚ್ಚೋ ಹಾಗಿಲ್ಲ ಅಂತ ಗಂಜಿ ಕಾಸಿ ತಂದದ್ದು ಎಲ್ಲ ಅಕ್ಕಪಕ್ಕದವರೇ. ಅವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಹೆಣ ಹೊರೋಕೆ ನಿಂತ ನಾಲ್ವರಲ್ಲಿ ಒಬ್ಬರಿಗೆ ಮಂಡಿನೋವು. ಇವನ ಅಪ್ಪ ಫೋನಲ್ಲಿ ಎಲ್ಲ ಹೇಳಿ ಕೊನೆಗೆ ಅಂದರಂತೆ, "ಅವರು ನಮ್ಮ ಮನೆ ಕಟ್ಟುವಾಗ ಹದಿನೈದು ದಿನ ಬಂದಿದ್ರು ಕಣೋ. ಹೋಗದೆ ಆಗ್ತದಾ?"

ಆ ರಾತ್ರಿ ನಾವು ಮೂವರೂ ಮೆಸ್ಸಲ್ಲಿ ಲೆಕ್ಕ ಹಾಕಿದ್ವಿ. ಮೂರು ಊರಿನಲ್ಲಿ ನಮ್ಮ ವಯಸ್ಸಿನವರು ಊರಲ್ಲೇ ಇರೋದು ಎಷ್ಟು ಜನ? ಎಣಿಸೋಕೆ ಎರಡು ಕೈಯ ಬೆರಳು ಪೂರಾ ಬೇಕಾಗಲಿಲ್ಲ. ನಮ್ಮ ಅಪ್ಪ-ಅಮ್ಮಂದಿರಿಗಾಗಿ ಊರವರು ಮಾಡ್ತಿರೋ ಕೆಲಸ ನಿಜವಾಗಿ ನಮ್ಮ ಖಾತೆಗೆ ಬರಬೇಕಾದ್ದು. ಅವರಿಗೆ ವಾಪಸ್ ಹೋಗಬೇಕಾದ ಆಳು ಇಲ್ಲಿ ಕೂತು ಪ್ಲೇಸ್‌ಮೆಂಟಿಗೆ ಆಪ್ಟಿಟ್ಯೂಡ್ ಮಾಡ್ತಿದೆ. ವಾಟ್ಸಾಪ್ ಗ್ರೂಪಲ್ಲಿ 'ಓಂ ಶಾಂತಿ' ಹಾಕಿದರೆ ಮುಯ್ಯಿ ತೀರೋದಿಲ್ಲ.

ಓದು ಬಿಟ್ಟು ಊರಿಗೆ ಹೋಗಿ ಅಂತ ಯಾರಿಗೂ ಹೇಳ್ತಿಲ್ಲ, ನಾವೂ ಹೋಗೋದಿಲ್ಲ. ಕೆಲಸ ಬೇಕು, ಎಲೆಚುಕ್ಕಿ ರೋಗ ಬಂದ ತೋಟವನ್ನೇ ನಂಬಿ ಕೂರೋಕಾಗಲ್ಲ. ಆದರೆ ಒಂದು ಮಾಡಿದ್ದೀವಿ. ಈ ಸಲದ ಕೊಯ್ಲಿಗೆ ಮೂವರೂ ಮೂರು ಊರಿಗೂ ಹೋಗೋದು ಅಂತ. ಮೊದಲು ಸಾಗರ, ಆಮೇಲೆ ಹೊಸನಗರ, ಕೊನೆಗೆ ತೀರ್ಥಹಳ್ಳಿ. ನಮ್ಮ ಮನೆಗಳಿಗೆ ಮಾತ್ರ ಅಲ್ಲ, ಅಕ್ಕಪಕ್ಕದಲ್ಲಿ ವಯಸ್ಸಾದವರಷ್ಟೇ ಇರೋ ಮನೆಗಳಿಗೂ. ಮರ ಹತ್ತೋಕೆ ಮೂವರಿಗೂ ಬರೋದಿಲ್ಲ, ಅದಕ್ಕೆ ಕೊನೆಗಾರರೇ ಬೇಕು. ಕೊನೆ ಹೊರೋದು, ಯಂತ್ರಕ್ಕೆ ಅಡಿಕೆ ತುಂಬೋದು, ಚಪ್ಪರದಲ್ಲಿ ಹರಡೋದು ಬರುತ್ತೆ.

ಹಾಗಾಗಿ ಈ ಸಲ ನಮ್ಮ ಅಟೆಂಡೆನ್ಸ್ ಸ್ವಲ್ಪ ಕಡಿಮೆ ಕಂಡರೆ ಕಾರಣ ಇದು. ಕ್ಲಾಸಿನ ನೋಟ್ಸ್ ಬರೆದುಕೊಡೋಕೆ ಒಂದಾಳು ಬೇಕಿತ್ತಲ್ಲ. ಯಾರಾದರೂ ಬಂದರೆ ಮುಯ್ಯಿ ಇಟ್ಕೊಳ್ತೀವಿ.